ಗಂಟೆ ತುಂಬಿದ ಮಾತ್ರಕ್ಕೆ ಕೈ ಪಳಗೀತೇ? ಪೈಲಟ್ ತರಬೇತಿ ಮತ್ತು ಅದರ ಅಳತೆಗೋಲು

ಪ್ರತಿಯೊಬ್ಬ ಪೈಲಟ್‌ ಬಳಿಯೂ ಒಂದು ಲಾಗ್‌ಬುಕ್ ಇರುತ್ತದೆ. ಹಾರಿದ ದಿನಾಂಕ, ವಿಮಾನದ ಮಾದರಿ, ಅದರ ನೋಂದಣಿ ಸಂಖ್ಯೆ, ಹೊರಟ ನಿಲ್ದಾಣ, ಇಳಿದ ನಿಲ್ದಾಣ, ಹಗಲೋ ರಾತ್ರಿಯೋ, ಒಬ್ಬರೇ ಹಾರಿದ್ದೋ ತರಬೇತುದಾರರ ಜೊತೆಗೋ ಎಂಬುದನ್ನೆಲ್ಲ ಸಾಲುಸಾಲಾಗಿ ಬರೆದು, ಗಂಟೆಗಳನ್ನು ಕೂಡಿಸಿ, ಪುಟದ ಕೊನೆಯ ಮೊತ್ತವನ್ನು ಮುಂದಿನ ಪುಟದ ತಲೆಗೆ ಒಯ್ಯುವುದು ಅವರ ನಿತ್ಯದ ಅಭ್ಯಾಸ. ಪರವಾನಗಿ ಕೊಡುವ ಅಧಿಕಾರಿಯಾಗಲಿ, ಕೆಲಸ ಕೊಡುವ ವಿಮಾನಯಾನ ಕಂಪನಿಯಾಗಲಿ ಮೊದಲು ಕಣ್ಣು ಹಾಯಿಸುವುದು ಆ ಮೊತ್ತದ ಮೇಲೆಯೇ. ಆದರೆ ಆ ಅಂಕಿ ಹೇಳುವುದು ಎಷ್ಟು ಹೊತ್ತು ಹಾರಿದರು ಎಂಬುದನ್ನಷ್ಟೇ. ಆ ಹೊತ್ತಿನಲ್ಲಿ ಏನನ್ನು ಕಲಿತರು, ಕಲಿಸಿದವರು ಯಾರು, ತಪ್ಪಿದಾಗ ತಿದ್ದುವವರು ಪಕ್ಕದಲ್ಲಿ ಇದ್ದರೇ ಎಂಬುದಕ್ಕೆ ಲಾಗ್‌ಬುಕ್ಕಿನಲ್ಲಿ ಅಂಕಣವಿಲ್ಲ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಜಗತ್ತಿಗೆ ಸುಮಾರು 6,74,000 ಹೊಸ ಪೈಲಟ್‌ಗಳು ಬೇಕಾಗುತ್ತಾರೆ ಎಂದು ಬೋಯಿಂಗ್ ಕಂಪನಿ 2024ರಲ್ಲಿ ಅಂದಾಜು ಮಾಡಿತ್ತು. ವಿಮಾನ ಮಾರುವ ಕಂಪನಿಯ ಅಂದಾಜು ತುಸು ಉದಾರವಾಗಿಯೇ ಇದ್ದೀತು; ಆದರೂ ಈಗಿನ ಹಿರಿಯ ಪೈಲಟ್‌ಗಳು ನಿವೃತ್ತರಾಗುವುದು ಮತ್ತು ವಿಮಾನಗಳ ಸಂಖ್ಯೆ ಏರುವುದು ಎರಡೂ ನಿಜ. ಇಷ್ಟೊಂದು ಜನರನ್ನು ಬೇಗ ತಯಾರು ಮಾಡಬೇಕೆಂಬ ಒತ್ತಡ ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ: ಕನಿಷ್ಠ ಗಂಟೆಗಳನ್ನು ಇಳಿಸಬೇಕೇ, ಇದ್ದಷ್ಟೇ ಉಳಿಸಬೇಕೇ? ಈ ಜಗ್ಗಾಟದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯೊಂದು ಮರೆಗೆ ಸರಿಯುತ್ತಿದೆ ಎಂಬುದು ನನ್ನ ವಾದ. ಒಬ್ಬ ಪೈಲಟ್ ಎಂಥವರಾಗುತ್ತಾರೆ ಎಂಬುದನ್ನು ಗಂಟೆಗಳಿಗಿಂತ ಹೆಚ್ಚಾಗಿ ನಿರ್ಧರಿಸುವುದು ಅವರಿಗೆ ಕಲಿಸಿದವರು. ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಗಮನ ಸಿಕ್ಕಿರುವುದು ಆ ಕಲಿಸುವವರಿಗೇ.

ವೃತ್ತಿಯ ಮೆಟ್ಟಿಲುಗಳು ಎಲ್ಲ ದೇಶಗಳಲ್ಲೂ ಬಹುಮಟ್ಟಿಗೆ ಒಂದೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ತನ್ನ ಒಪ್ಪಂದದ ಮೊದಲನೆಯ ಅನುಬಂಧದಲ್ಲಿ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಿದೆ. ದೇಶಗಳು ಅದರ ಮೇಲೆ ತಮ್ಮ ತಮ್ಮ ನಿಯಮಗಳನ್ನು ಕಟ್ಟಿಕೊಳ್ಳುತ್ತವೆ. ಖಾಸಗಿ ಪೈಲಟ್ ಪರವಾನಗಿಗೆ 40 ಗಂಟೆ. ಸಂಬಳಕ್ಕೆ ಹಾರಲು ಬೇಕಾದ ವಾಣಿಜ್ಯ ಪರವಾನಗಿಗೆ 200 ಗಂಟೆ, ಮಾನ್ಯತೆ ಪಡೆದ ಕೋರ್ಸಿನಲ್ಲಿ ಕಲಿತವರಿಗೆ 150. ದೊಡ್ಡ ವಿಮಾನದ ಕ್ಯಾಪ್ಟನ್ ಆಗಲು ಬೇಕಾದ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪರವಾನಗಿಗೆ 1,500 ಗಂಟೆ. ಸಂಬಳಕ್ಕೆ ಹಾರುವವರಿಗೆ ಇವುಗಳ ಜೊತೆಗೆ ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆ ಇರುತ್ತದೆ. ಅಂತರರಾಷ್ಟ್ರೀಯ ಹಾರಾಟಕ್ಕೆ 2008ರ ಮಾರ್ಚ್‌ನಿಂದ ಜಾರಿಗೆ ಬಂದ ಭಾಷಾ ಪ್ರಾವೀಣ್ಯದ ನಾಲ್ಕನೆಯ ಮಟ್ಟವನ್ನೂ ದಾಟಬೇಕು. ಯುರೋಪಿನಲ್ಲಾದರೆ ವಾಯುಯಾನ ಕಾನೂನಿನಿಂದ ಹವಾಮಾನ ಶಾಸ್ತ್ರದವರೆಗೆ ಹದಿಮೂರು ವಿಷಯಗಳಲ್ಲಿ ಲಿಖಿತ ಪರೀಕ್ಷೆ ಬರೆದು, ಪ್ರತಿಯೊಂದರಲ್ಲೂ ಶೇ 75 ಅಂಕ ಪಡೆಯಬೇಕು. ವಾಣಿಜ್ಯ ಪರವಾನಗಿ ಕೈಗೆ ಬಂದ ಮೇಲೂ ಉಪಕರಣಗಳನ್ನು ನೋಡಿಯೇ ಹಾರುವ ಅರ್ಹತೆ, ಇಬ್ಬರು ಪೈಲಟ್‌ಗಳು ಕೂಡಿ ಕೆಲಸ ಮಾಡುವ ತರಬೇತಿ, ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್, ಆಮೇಲೆ ಪ್ರಯಾಣಿಕರಿರುವ ವಿಮಾನದಲ್ಲೇ ತರಬೇತಿ ಕ್ಯಾಪ್ಟನ್ ಪಕ್ಕ ಕುಳಿತು ನಡೆಸುವ ಲೈನ್ ತರಬೇತಿ ಉಳಿದಿರುತ್ತವೆ.

ಇದನ್ನೆಲ್ಲ ಪಟ್ಟಿಯಾಗಿ ಓದಿದರೆ ತರಬೇತಿಯೆಂದರೆ ದಾಟಬೇಕಾದ ಬಾಗಿಲುಗಳ ಸಾಲಿನಂತೆ ತೋರುತ್ತದೆ. ಹತ್ತಿರ ಹೋಗಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬೆಳಗಿನ ಮೊದಲ ಹಾರಾಟಕ್ಕೆ ಮುಂಚೆ ವಿದ್ಯಾರ್ಥಿ ಪುಟ್ಟ ವಿಮಾನದ ರೆಕ್ಕೆಯ ಕೆಳಗೆ ಬಾಗಿ, ಇಂಧನ ಟ್ಯಾಂಕಿನ ತಳದಲ್ಲಿರುವ ಕವಾಟವನ್ನು ಒತ್ತಿ, ಪಾರದರ್ಶಕ ಲೋಟವೊಂದಕ್ಕೆ ತುಸು ಪೆಟ್ರೋಲ್ ಇಳಿಸಿಕೊಂಡು, ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಈ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ; ರಾತ್ರಿಯ ತಂಪಿಗೆ ಟ್ಯಾಂಕಿನಲ್ಲಿ ನೀರು ಸೇರಿದ್ದರೆ ಅದು ಭಾರಕ್ಕೆ ತಳ ಸೇರಿ, ನೀಲಿಯ ಕೆಳಗೆ ಬಣ್ಣವಿಲ್ಲದ ಗುಳ್ಳೆಯಂತೆ ನಿಲ್ಲುತ್ತದೆ. ಲೋಟ ತುಂಬ ನೀರೇ ಬಂದಿದ್ದರೆ ನೀಲಿಯೂ ಇಲ್ಲ, ಗೆರೆಯೂ ಇಲ್ಲ. ಎಲ್ಲ ತಿಳಿಯಾಗಿರುವುದನ್ನು ಕಂಡು ಅವಸರದ ಕಣ್ಣು ಸರಿಯಾಗಿದೆ ಎಂದುಬಿಡುತ್ತದೆ. ಒಳ್ಳೆಯ ತರಬೇತುದಾರರು ಬಣ್ಣ ನೋಡಲು ಹೇಳುತ್ತಾರೆ, ಮೂಸಿ ನೋಡಲು ಹೇಳುತ್ತಾರೆ, ನೂರನೆಯ ಸಲವೂ ಮೊದಲನೆಯ ಸಲದಷ್ಟೇ ಹೊತ್ತು ಲೋಟವನ್ನು ಎತ್ತಿ ಹಿಡಿಯಲು ಕಲಿಸುತ್ತಾರೆ. ಅವಸರದ ತರಬೇತುದಾರರು ಪಟ್ಟಿಯಲ್ಲಿ ಗುರುತು ಹಾಕಿಸಿ ಮುಂದೆ ಹೋಗುತ್ತಾರೆ. ಎರಡೂ ಹಾರಾಟಗಳು ಲಾಗ್‌ಬುಕ್ಕಿನಲ್ಲಿ ಒಂದೇ ಅಂಕಿಯಾಗಿ ದಾಖಲಾಗುತ್ತವೆ.

ಗಂಟೆಗಳ ಮೇಲಿನ ಇಂದಿನ ಜಗಳಕ್ಕೆ ಮೂಲವಾದದ್ದು 2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ನಗರದ ಬಳಿ ನಡೆದ ಕೋಲ್ಗನ್ ಏರ್ 3407 ವಿಮಾನದ ಅಪಘಾತ. ಇಳಿಯಲು ಸಿದ್ಧವಾಗುತ್ತಿದ್ದ ವಿಮಾನದ ವೇಗ ಕುಸಿಯುತ್ತ ಹೋದದ್ದನ್ನು ಇಬ್ಬರೂ ಪೈಲಟ್‌ಗಳು ಗಮನಿಸಲಿಲ್ಲ. ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ, ಅಂದರೆ ಸ್ಟಾಲ್, ಸಮೀಪಿಸುತ್ತಿದೆ ಎಂದು ನಿಯಂತ್ರಣ ದಂಡ ತಾನಾಗಿ ನಡುಗಿ ಎಚ್ಚರಿಸಿದಾಗ ಕ್ಯಾಪ್ಟನ್ ಅದನ್ನು ಮುಂದಕ್ಕೆ ತಳ್ಳುವ ಬದಲು ತಮ್ಮತ್ತ ಎಳೆದರು. ದಂಡವನ್ನು ಮುಂದಕ್ಕೆ ತಳ್ಳುವ ರಕ್ಷಣಾ ಸಾಧನ ಕೆಲಸಮಾಡಿದಾಗಲೂ ಅದರ ವಿರುದ್ಧ ಎಳೆಯುತ್ತಲೇ ಇದ್ದರು. ವಿಮಾನದಲ್ಲಿದ್ದ 49 ಮಂದಿ ಮತ್ತು ನೆಲದ ಮೇಲೆ ಮನೆಯಲ್ಲಿದ್ದ ಒಬ್ಬರು ತೀರಿಕೊಂಡರು. ಆ ರಕ್ಷಣಾ ಸಾಧನ ಕೆಲಸಮಾಡಿದಾಗ ಕೈಗೆ ಹೇಗೆ ತಗಲುತ್ತದೆ ಎಂಬುದನ್ನು ಕಂಪನಿಯ ಸಿಮ್ಯುಲೇಟರ್ (ನೆಲದ ಮೇಲೆಯೇ ಹಾರಾಟವನ್ನು ಅನುಕರಿಸುವ ಯಂತ್ರ) ತರಬೇತಿಯಲ್ಲಿ ತೋರಿಸಿಕೊಡುತ್ತಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು.

ಮೃತರ ಕುಟುಂಬಗಳ ಅವಿರತ ಹೋರಾಟದ ಫಲವಾಗಿ ಅಮೆರಿಕದ ಸಂಸತ್ತು 2010ರಲ್ಲಿ ಕಾನೂನು ಮಾಡಿತು. 2013ರಿಂದ ಅಲ್ಲಿ ಪ್ರಯಾಣಿಕ ವಿಮಾನದ ಸಹಪೈಲಟ್ ಆಗಲು ಕೂಡ 1,500 ಗಂಟೆ ಬೇಕಾಯಿತು. ಅದಕ್ಕೂ ಮೊದಲು ವಾಣಿಜ್ಯ ಪರವಾನಗಿಯೇ ಸಾಕಾಗಿತ್ತು. ಸೇನೆಯಲ್ಲಿ ಹಾರಿದವರಿಗೆ 750, ವಿಮಾನಯಾನದಲ್ಲಿ ಪದವಿ ಪಡೆದವರಿಗೆ 1,000 ಗಂಟೆ ಎಂಬ ರಿಯಾಯಿತಿಗಳಿವೆ. ಇಲ್ಲಿ ಎಲ್ಲರೂ ಎದುರಿಸಬೇಕಾದ ಒಂದು ಸಂಗತಿಯಿದೆ. ಕೋಲ್ಗನ್ ಕ್ಯಾಪ್ಟನ್‌ಗೆ ಆಗಲೇ 3,379 ಗಂಟೆಗಳಾಗಿದ್ದವು, ಸಹಪೈಲಟ್‌ಗೆ 2,244. ಹೊಸ ನಿಯಮ ಅಂದೇ ಜಾರಿಯಲ್ಲಿದ್ದರೂ ಅವರಿಬ್ಬರೂ ಅದೇ ಆಸನಗಳಲ್ಲಿ ಕುಳಿತಿರುತ್ತಿದ್ದರು.

ಹಾಗೆಂದು ಆ ಕುಟುಂಬಗಳ ಹೋರಾಟವನ್ನು ಹಗುರವಾಗಿ ಕಾಣುವುದು ತಪ್ಪಾಗುತ್ತದೆ. ಅದೇ ಕಾನೂನು ಪೈಲಟ್‌ಗಳ ದಣಿವಿನ ನಿಯಮಗಳನ್ನು ಬಿಗಿಗೊಳಿಸಿತು, ಸ್ಟಾಲ್‌ನಿಂದ ಚೇತರಿಸಿಕೊಳ್ಳುವ ತರಬೇತಿಯನ್ನು ಕಡ್ಡಾಯ ಮಾಡಿತು, ಕಂಪನಿಗಳು ಪೈಲಟ್‌ಗಳ ಹಿಂದಿನ ದಾಖಲೆಗಳನ್ನೆಲ್ಲ ಒಂದೇ ಕಡೆ ನೋಡುವಂತಾಗಬೇಕೆಂದು ಹೇಳಿತು. 2009ರ ಆ ಅಪಘಾತದ ನಂತರ 2025ರ ಜನವರಿಯಲ್ಲಿ ವಾಷಿಂಗ್ಟನ್ ಬಳಿ ಪ್ರಯಾಣಿಕ ವಿಮಾನಕ್ಕೂ ಸೇನಾ ಹೆಲಿಕಾಪ್ಟರಿಗೂ ಡಿಕ್ಕಿಯಾಗುವವರೆಗೆ ಅಮೆರಿಕದ ಪ್ರಯಾಣಿಕ ವಿಮಾನ ಕಂಪನಿಗಳಲ್ಲಿ ಅಂಥ ದೊಡ್ಡ ದುರಂತ ಸಂಭವಿಸಲಿಲ್ಲ. ಗಂಟೆಗಳ ನಿಯಮವನ್ನು ಬೆಂಬಲಿಸುವ ಪೈಲಟ್ ಸಂಘಟನೆಗಳು ಈ ದಾಖಲೆಯನ್ನೇ ಮುಂದಿಡುತ್ತವೆ. ಇದರಲ್ಲಿ ಯಾವ ಸುಧಾರಣೆಯ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಬಫಲೋದಲ್ಲಿ ಸಂಭವಿಸಿದ ತಪ್ಪಿಗೆ ನೇರ ಮದ್ದಾದದ್ದು ಸ್ಟಾಲ್ ತರಬೇತಿ, ದಣಿವಿನ ನಿಯಮ ಮತ್ತು ದಾಖಲೆಗಳ ಪರಿಶೀಲನೆ ಎಂಬುದು ಅಪಘಾತದ ವಿವರಗಳನ್ನು ಓದಿದವರಿಗೆ ಗೊತ್ತಾಗುತ್ತದೆ.

1,500ರ ನಿಯಮದಿಂದ ಇನ್ನೊಂದು ಪರಿಣಾಮವಾಯಿತು. ಅಮೆರಿಕದ ನಿಯಮದಂತೆ ಇನ್ನೂರೈವತ್ತು ಗಂಟೆಗೆ ವಾಣಿಜ್ಯ ಪರವಾನಗಿ ಪಡೆದ ಯುವಕ ಯುವತಿಯರು ಉಳಿದ ಸಾವಿರದಿನ್ನೂರೈವತ್ತು ಗಂಟೆಗಳನ್ನು ಎಲ್ಲಿಂದ ತರಬೇಕು? ಬಾಡಿಗೆಗೆ ವಿಮಾನ ಹಿಡಿದು ಹಾರಲು ಎಲ್ಲರ ಕೈಯಲ್ಲೂ ಹಣವಿರುವುದಿಲ್ಲ. ಬ್ಯಾನರ್ ಎಳೆಯುವುದು, ನೆಲದ ಸಮೀಕ್ಷೆ ಮಾಡುವುದು, ಪ್ಯಾರಾಚೂಟ್ ಜಿಗಿತಗಾರರನ್ನು ಮೇಲಕ್ಕೊಯ್ಯುವುದು ಮುಂತಾದ ಕೆಲಸಗಳಿವೆ. ಆದರೆ ಅತಿ ಹೆಚ್ಚು ಜನ ಹಿಡಿಯುವುದು ತರಬೇತುದಾರರಾಗುವ ದಾರಿಯನ್ನು. ನಿನ್ನೆ ಮೊನ್ನೆ ಕಲಿತು ಮುಗಿಸಿದವರು ಇಂದು ಹೊಸಬರಿಗೆ ಕಲಿಸುತ್ತಾರೆ, ಗಂಟೆ ತುಂಬಿದ ದಿನ ವಿಮಾನಯಾನ ಕಂಪನಿಗೆ ಹೊರಟುಹೋಗುತ್ತಾರೆ, ಅವರ ಜಾಗಕ್ಕೆ ಅವರ ವಿದ್ಯಾರ್ಥಿಯೇ ಬಂದು ಕುಳಿತುಕೊಳ್ಳುತ್ತಾರೆ.

ಕಲಿಸುವುದರಿಂದ ಕಲಿಸುವವರಿಗೂ ಲಾಭವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ವಿದ್ಯಾರ್ಥಿಯ ತಪ್ಪನ್ನು ಒಂದು ಕ್ಷಣ ಮೊದಲೇ ಊಹಿಸುವುದನ್ನು ಕಲಿತ ಕಣ್ಣು ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಚಿಕ್ಕ ವಯಸ್ಸಿನ ತರಬೇತುದಾರರಲ್ಲಿ ಅಕ್ಕರೆಯಿಂದ, ಶ್ರದ್ಧೆಯಿಂದ ಕಲಿಸುವವರು ಬಹಳ ಮಂದಿ ಇದ್ದಾರೆ. ಆದರೆ ವ್ಯವಸ್ಥೆಯ ರಚನೆಯನ್ನು ನೋಡಿದರೆ ಬೇಸರವಾಗುತ್ತದೆ. ಶಸ್ತ್ರಚಿಕಿತ್ಸೆಯನ್ನು ಕಲಿಸುವವರು ವೃತ್ತಿಯ ಹಿರಿಯರು. ಸಂಗೀತವನ್ನು ಕಲಿಸುವವರು ದಶಕಗಳ ಸಾಧನೆ ಮಾಡಿದವರು. ವಿಮಾನಯಾನದಲ್ಲಿ ಮಾತ್ರ ಅತ್ಯಂತ ಮೊದಲ ಪಾಠ, ಅಂದರೆ ಕೈಗೂ ಕಣ್ಣಿಗೂ ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡದ ಅಭ್ಯಾಸಗಳನ್ನು ರೂಪಿಸುವ ಪಾಠ, ವೃತ್ತಿಯಲ್ಲಿ ಅತ್ಯಂತ ಕಿರಿಯರ ಪಾಲಿಗೆ ಬಿಟ್ಟಿದೆ. ಅವರಲ್ಲಿ ಹಲವರಿಗೆ ಆ ಕೆಲಸವೊಂದು ದಾಟುಹಲಗೆ; ಸಂಬಳ ಕಡಿಮೆ, ಬಡ್ತಿಯಿಲ್ಲ, ಉಳಿಯಲು ಕಾರಣವೇ ಇಲ್ಲ.

ಇದೇನೂ ಹೊಸ ರೋಗವಲ್ಲ, ಇದಕ್ಕೆ ಮದ್ದು ಕಂಡುಹಿಡಿದೂ ನೂರು ವರ್ಷ ಮೀರಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ನಲ್ಲಿ ತರಬೇತಿಯ ಹೊತ್ತಿನಲ್ಲೇ ಬಹಳಷ್ಟು ಯುವಕರು ಸಾಯುತ್ತಿದ್ದರು. ಕಲಿಸುವವರಲ್ಲಿ ಅನೇಕರು ರಣರಂಗದಿಂದ ದಣಿದು ಹಿಂದಿರುಗಿದವರು, ಕಲಿಸುವ ಮನಸ್ಸಿಲ್ಲದವರು. ಅಪಾಯಕಾರಿ ಚಲನೆಗಳಿಂದ ದೂರವಿರಿ ಎಂಬುದೇ ಅಂದಿನ ಪಾಠ. ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ 1917ರಲ್ಲಿ ಗಾಸ್‌ಪೋರ್ಟ್‌ನಲ್ಲಿ ಇದನ್ನು ಬುಡಮೇಲು ಮಾಡಿದರು. ಎರಡು ಕಡೆಯೂ ನಿಯಂತ್ರಣಗಳಿರುವ ವಿಮಾನದಲ್ಲಿ ವಿದ್ಯಾರ್ಥಿಯನ್ನು ಬೇಕೆಂದೇ ಸುರುಳಿಯಾಗಿ ತಿರುಗುತ್ತ ಬೀಳುವ ಸ್ಪಿನ್‌ನಂಥ ಅಪಾಯದ ಸ್ಥಿತಿಗೆ ಕೊಂಡೊಯ್ದು ಅಲ್ಲಿಂದ ಹೊರಬರುವುದನ್ನು ಕಲಿಸಬೇಕೆಂದರು. ಗಾಳಿಯ ಅಬ್ಬರದಲ್ಲೂ ಗುರುವಿನ ಮಾತು ಕೇಳಲೆಂದು ಇಬ್ಬರ ನಡುವೆ ಮಾತಿನ ಕೊಳವೆ ಹಾಕಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಸುವವರಿಗೆ ಕಲಿಸುವ ಶಾಲೆಯನ್ನೇ ತೆರೆದರು. ಅಲ್ಲಿ ತಯಾರಾದ ತರಬೇತುದಾರರ ಮೂಲಕವೇ ಆ ಪದ್ಧತಿ ಹರಡಿತು.

ಗಾಸ್‌ಪೋರ್ಟ್‌ನ ಪಾಠವನ್ನು ವಿಮಾನಯಾನ ಜಗತ್ತು ಎಷ್ಟರಮಟ್ಟಿಗೆ ಮರೆತಿತ್ತು ಎಂಬುದನ್ನು 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ತೋರಿಸಿತು. ವೇಗವನ್ನು ಅಳೆಯುವ ಪಿಟೋ ನಳಿಕೆಗಳಲ್ಲಿ ಹಿಮದ ಹರಳುಗಳು ಕಟ್ಟಿಕೊಂಡು ವೇಗದ ಅಂಕಿಗಳು ಅಸ್ತವ್ಯಸ್ತವಾದವು, ಆಟೊಪೈಲಟ್ ಕಳಚಿಕೊಂಡಿತು, ವಿಮಾನ ಏಕಾಏಕಿ ಮನುಷ್ಯರ ಕೈಗೆ ಬಂತು. ಆ ಕ್ಷಣದಲ್ಲಿ ವಿಮಾನಕ್ಕೆ ಬೇರೇನೂ ಆಗಿರಲಿಲ್ಲ. ಅದರ ಮೂತಿಯನ್ನೂ ಎಂಜಿನ್ ಶಕ್ತಿಯನ್ನೂ ಇದ್ದಲ್ಲೇ ಇಟ್ಟುಕೊಂಡಿದ್ದರೆ ಅದು ಹಾರುತ್ತಲೇ ಇರುತ್ತಿತ್ತು. ಆದರೆ ಹಾರಿಸುತ್ತಿದ್ದ ಸಹಪೈಲಟ್ ಮೂತಿಯನ್ನು ಮೇಲೆತ್ತಿದರು, ವಿಮಾನ ಸುಮಾರು 38,000 ಅಡಿಗೆ ಏರಿ ಸ್ಟಾಲ್ ಆಯಿತು, ಎಚ್ಚರಿಕೆಯ ಧ್ವನಿ ಮತ್ತೆ ಮತ್ತೆ ಮೊಳಗುತ್ತಿದ್ದರೂ ಮೂತಿ ಮೇಲೆಯೇ ಉಳಿಯಿತು. ಆಟೊಪೈಲಟ್ ಕಳಚಿದ ನಾಲ್ಕೂವರೆ ನಿಮಿಷದೊಳಗೆ 228 ಮಂದಿ ಸಾವನ್ನಪ್ಪಿದರು.

ಆ ಮೂವರು ಪೈಲಟ್‌ಗಳ ಲಾಗ್‌ಬುಕ್‌ಗಳು ದಪ್ಪವಾಗಿಯೇ ಇದ್ದವು. ವಿರಾಮದಲ್ಲಿದ್ದು ನಂತರ ಧಾವಿಸಿ ಬಂದ ಕ್ಯಾಪ್ಟನ್‌ಗೆ ಸುಮಾರು 11,000 ಗಂಟೆ, ಎಡ ಆಸನದಲ್ಲಿದ್ದ ಸಹಪೈಲಟ್‌ಗೆ 6,500ಕ್ಕೂ ಹೆಚ್ಚು, ಹಾರಿಸುತ್ತಿದ್ದವರಿಗೆ ಸುಮಾರು 2,900. ಆದರೆ ವೇಗದ ಅಂಕಿಗಳನ್ನು ನಂಬಲಾಗದ ಸ್ಥಿತಿಯಲ್ಲಿ, ಅಷ್ಟು ಎತ್ತರದಲ್ಲಿ, ವಿಮಾನವನ್ನು ಕೈಯಾರೆ ನಡೆಸುವ ತರಬೇತಿ ಸಹಪೈಲಟ್‌ಗಳಿಗೆ ಸಿಕ್ಕೇ ಇರಲಿಲ್ಲ ಎಂದು ಫ್ರೆಂಚ್ ತನಿಖಾ ಸಂಸ್ಥೆ ಬಿಇಎ 2012ರ ವರದಿಯಲ್ಲಿ ದಾಖಲಿಸಿತು. ದೂರದ ಹಾರಾಟದಲ್ಲಿ ನೆಲ ಬಿಟ್ಟ ಕೆಲವೇ ನಿಮಿಷಗಳಲ್ಲಿ ಆಟೊಪೈಲಟ್ ಹಾಕಿ, ಇಳಿಯುವ ಮುನ್ನ ತೆಗೆಯುವುದು ವಾಡಿಕೆ. ಹತ್ತು ಗಂಟೆಗಳ ಪ್ರಯಾಣ ಲಾಗ್‌ಬುಕ್ಕಿಗೆ ಹತ್ತು ಗಂಟೆಯಾಗಿಯೇ ಸೇರುತ್ತದೆ. ಕೈ ಕೆಲಸ ಮಾಡಿದ್ದು ಹತ್ತು ನಿಮಿಷ ಇದ್ದೀತು. ಕೈಯಾರೆ ಹಾರಿಸುವ ಅವಕಾಶಗಳನ್ನು ಪೈಲಟ್‌ಗಳಿಗೆ ಹೆಚ್ಚಾಗಿ ಕೊಡಿ ಎಂದು ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 2013ರ ಆರಂಭದಲ್ಲಿ ಕಂಪನಿಗಳಿಗೆ ಸಲಹಾ ಸುತ್ತೋಲೆ ಕಳುಹಿಸಬೇಕಾಗಿ ಬಂತು.

ಬಫಲೋ ಮತ್ತು ಅಟ್ಲಾಂಟಿಕ್ ಎರಡರಲ್ಲೂ ತಪ್ಪು ಒಂದೇ ಬಗೆಯದ್ದು: ತಳ್ಳಬೇಕಾದಲ್ಲಿ ಎಳೆದದ್ದು. ಇದು ಅಜ್ಞಾನದಿಂದ ಆಗುವ ತಪ್ಪಲ್ಲ. ಸ್ಟಾಲ್ ಆದರೆ ಮೂತಿ ಇಳಿಸಬೇಕು ಎಂಬುದು ಮೊದಲ ತಿಂಗಳ ವಿದ್ಯಾರ್ಥಿಗೂ ಗೊತ್ತು. ಪುಟ್ಟ ವಿಮಾನದಲ್ಲಿ ಈ ಅಭ್ಯಾಸ ಹೇಗಿರುತ್ತದೆಂದು ನೋಡಿದರೆ ಕಾರಣ ತಿಳಿಯುತ್ತದೆ. ಸಾಕಷ್ಟು ಎತ್ತರಕ್ಕೆ ಏರಿ, ಸುತ್ತಲೂ ಬೇರೆ ವಿಮಾನಗಳಿಲ್ಲವೆಂದು ಖಚಿತಪಡಿಸಿಕೊಂಡು, ಎಂಜಿನ್ ಶಕ್ತಿಯನ್ನು ಇಳಿಸಿ, ಮೂತಿಯನ್ನು ನಿಧಾನವಾಗಿ ಎತ್ತಿ ಹಿಡಿಯುತ್ತಾರೆ. ಗಾಳಿಯ ಸದ್ದು ಅಡಗುತ್ತ ಬರುತ್ತದೆ, ನಿಯಂತ್ರಣಗಳು ಕೈಗೆ ಸಡಿಲವಾಗುತ್ತವೆ, ಎಚ್ಚರಿಕೆಯ ಪೀಪಿ ಕೂಗುತ್ತದೆ, ಇಡೀ ವಿಮಾನ ಸಣ್ಣಗೆ ನಡುಗುತ್ತದೆ, ಆಮೇಲೆ ಮೂತಿ ತಾನಾಗಿ ಕುಸಿದು ಮುಂದಿನ ಗಾಜಿನ ತುಂಬ ನೆಲವೇ ಕಾಣುತ್ತದೆ. ನೆಲ ಎದುರಿಗೆ ಬರುತ್ತಿರುವಾಗ ದೇಹದ ಕಣಕಣವೂ ಎಳೆ ಎನ್ನುತ್ತದೆ. ಆ ಕೂಗನ್ನು ಮೀರಿ ಕೈಯನ್ನು ಮುಂದಕ್ಕೆ ಒಯ್ಯುವುದು ಓದಿನಿಂದ ಬರುವುದಿಲ್ಲ, ನಾಲ್ಕು ಸಲ ಮಾಡಿ ಗುರುತು ಹಾಕಿದರೂ ಬರುವುದಿಲ್ಲ. ಪಕ್ಕದಲ್ಲಿ ಕುಳಿತವರು ಧೈರ್ಯವಾಗಿ ತಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ವಿದ್ಯಾರ್ಥಿಯೇ ಅದನ್ನು ಸರಿಪಡಿಸಿಕೊಳ್ಳಲಿ ಎಂದು ಇನ್ನೆರಡು ಕ್ಷಣ ಕಾಯಬಲ್ಲವರಾಗಿರಬೇಕು. ಹಾಗೆ ಕಾಯುವ ಧೈರ್ಯ ಬರಬೇಕಾದರೆ ಎಲ್ಲಿಯವರೆಗೆ ಕಾಯಬಹುದು ಎಂಬುದು ಅವರಿಗೆ ಗೊತ್ತಿರಬೇಕು. ಇನ್ನೂರೈವತ್ತು ಗಂಟೆಯ ತರಬೇತುದಾರರಿಗೆ ಸ್ಟಾಲ್ ಎಂದರೆ ಸ್ವತಃ ಅಳುಕಿದ್ದರೆ, ಆ ಅಳುಕೇ ವಿದ್ಯಾರ್ಥಿಗೆ ದಾಟುತ್ತದೆ.

ಈ ಎರಡು ದುರಂತಗಳ ನಂತರ ಸುಧಾರಣೆಗಳಾದವು ಎಂಬುದು ನಿಜ. ವಿಮಾನ ಅಸಹಜ ಭಂಗಿಗೆ ಹೋಗುವುದನ್ನು ತಡೆಯುವ ಮತ್ತು ಹೋದರೆ ಚೇತರಿಸಿಕೊಳ್ಳುವ ತರಬೇತಿಯ ಕೈಪಿಡಿಯನ್ನು ಐಸಿಎಒ 2014ರಲ್ಲಿ ಹೊರತಂದಿತು. ಅಮೆರಿಕ 2019ರ ಮಾರ್ಚ್‌ನಿಂದ ವಿಮಾನಯಾನ ಕಂಪನಿಗಳ ಸಿಮ್ಯುಲೇಟರ್‌ಗಳಲ್ಲಿ ಪೂರ್ಣ ಸ್ಟಾಲ್ ತರಬೇತಿಯನ್ನು ಕಡ್ಡಾಯಗೊಳಿಸಿತು. ಯುರೋಪು ಅದೇ ವರ್ಷದ ಕೊನೆಯಲ್ಲಿ ನಿಜವಾದ ವಿಮಾನದಲ್ಲೇ ಇಂಥ ತರಬೇತಿ ಪಡೆಯಬೇಕೆಂದಿತು.

ಗಂಟೆಗಳ ಹಾದಿಗೆ ತೀರ ಭಿನ್ನವಾದ ಇನ್ನೊಂದು ಹಾದಿ 2006ರಲ್ಲೇ ತೆರೆದುಕೊಂಡಿತ್ತು. ಐಸಿಎಒ ಅಂಗೀಕರಿಸಿದ ಮಲ್ಟಿ-ಕ್ರೂ ಪೈಲಟ್ ಪರವಾನಗಿಗೆ ಸಿಮ್ಯುಲೇಟರ್ ಸೇರಿ ಒಟ್ಟು 240 ಗಂಟೆ ಸಾಕು. ಒಬ್ಬರೇ ಪುಟ್ಟ ವಿಮಾನದಲ್ಲಿ ಸುತ್ತಾಡಿ ಗಂಟೆ ಕೂಡಿಸುವುದಕ್ಕಿಂತ, ಮೊದಲಿನಿಂದಲೇ ಇಬ್ಬರು ಸೇರಿ ಜೆಟ್ ವಿಮಾನ ನಡೆಸುವುದನ್ನು ಕಲಿಯುವುದು ಲೇಸು ಎಂಬುದು ಇದರ ಹಿಂದಿನ ತರ್ಕ. ತರ್ಕದಲ್ಲಿ ಹುರುಳಿದೆ. ಇಲ್ಲಿ ಪ್ರತಿ ಗಂಟೆಗೂ ಒಂದು ಉದ್ದೇಶವಿರುತ್ತದೆ, ವಿದ್ಯಾರ್ಥಿ ಆ ಉದ್ದೇಶವನ್ನು ಮುಟ್ಟುವವರೆಗೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ. ತೊಡಕಿರುವುದು ಬೇರೆಡೆ. ಈ ಪರವಾನಗಿ ಸಾಮಾನ್ಯವಾಗಿ ಒಂದು ಕಂಪನಿಯ ಒಂದು ಮಾದರಿಯ ವಿಮಾನಕ್ಕೆಂದೇ ಹೆಣೆದದ್ದಾದ್ದರಿಂದ, ಆ ಕಂಪನಿ ನೇಮಕಾತಿ ನಿಲ್ಲಿಸಿದರೆ ವಿದ್ಯಾರ್ಥಿ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಡುವೆ ಸಿಕ್ಕಿಬೀಳುತ್ತಾರೆ. ಜೊತೆಗೆ, ಯಾರೂ ಪಕ್ಕದಲ್ಲಿಲ್ಲದೆ ತಾನೇ ತೀರ್ಮಾನ ತೆಗೆದುಕೊಳ್ಳುವ ಹಾರಾಟಗಳು ಈ ಹಾದಿಯಲ್ಲಿ ತೀರ ಕಡಿಮೆ. ಮೋಡ ಮುಚ್ಚಿಕೊಳ್ಳುತ್ತಿದೆ, ಹಿಂದಿರುಗಬೇಕೇ ಮುಂದುವರಿಯಬೇಕೇ ಎಂದು ಒಬ್ಬರೇ ಯೋಚಿಸಿದ ಆ ಇಪ್ಪತ್ತು ನಿಮಿಷಗಳಿಗೆ ಸರಿಸಾಟಿಯಾದ ಪಾಠವನ್ನು ಸಿಮ್ಯುಲೇಟರಿನಲ್ಲಿ ಕಟ್ಟಿಕೊಡುವುದು ಸುಲಭವಲ್ಲ.

ಸಿಮ್ಯುಲೇಟರನ್ನು ಕೀಳಾಗಿ ನೋಡುವವರ ಪಂಗಡಕ್ಕೆ ನಾನು ಸೇರುವುದಿಲ್ಲ. ಎಡ್ವಿನ್ ಲಿಂಕ್ ಎಂಬಾತ ತಂದೆಯ ಆರ್ಗನ್ ವಾದ್ಯಗಳ ಕಾರ್ಖಾನೆಯ ತಿದಿಗಳನ್ನೂ ಕವಾಟಗಳನ್ನೂ ಬಳಸಿ 1929ರಲ್ಲಿ ಮೊದಲ ತರಬೇತಿ ಯಂತ್ರ ಕಟ್ಟಿದಾಗ ಅದನ್ನು ಕೇಳುವವರಿರಲಿಲ್ಲ. 1934ರಲ್ಲಿ ಅಂಚೆ ಸಾಗಿಸಲು ಹೊರಟ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವಾಮಾನದಲ್ಲಿ ಒಬ್ಬರ ಹಿಂದೊಬ್ಬರು ಸಾಯತೊಡಗಿದಾಗ ಸೇನೆ ಅಂಥ ಆರು ಯಂತ್ರಗಳನ್ನು ಕೊಂಡಿತು. ಇಂದಿನ ಅತ್ಯುನ್ನತ ದರ್ಜೆಯ ಸಿಮ್ಯುಲೇಟರ್ ಎಷ್ಟು ನೈಜವೆಂದರೆ, ಅನುಭವಿ ಪೈಲಟ್ ಅದರಲ್ಲೇ ಹೊಸ ಮಾದರಿಯನ್ನು ಕಲಿತು, ನೇರವಾಗಿ ಪ್ರಯಾಣಿಕರಿರುವ ವಿಮಾನಕ್ಕೆ ಮೇಲ್ವಿಚಾರಣೆಯಲ್ಲಿ ಕಾಲಿಡಲು ನಿಯಮಗಳು ಅವಕಾಶ ಕೊಡುತ್ತವೆ. ನೆಲ ಬಿಡುವ ಹೊತ್ತಿನಲ್ಲಿ ಎಂಜಿನ್ ನಿಲ್ಲುವುದನ್ನಾಗಲಿ ಹೊಗೆ ತುಂಬುವುದನ್ನಾಗಲಿ ನಿಜವಾದ ವಿಮಾನದಲ್ಲಿ ಅಭ್ಯಾಸ ಮಾಡಿಸುವುದು ಹುಚ್ಚುತನ. ಆದರೆ ಅಲ್ಲಿಯೂ ಯಂತ್ರಕ್ಕಿಂತ ಮಿಗಿಲಾದದ್ದು ಹಿಂದೆ ಕುಳಿತು ಅದನ್ನು ನಡೆಸುವವರು. ಪ್ರತಿ ಆರು ತಿಂಗಳಿಗೊಮ್ಮೆ ಅದೇ ರನ್‌ವೇಯಲ್ಲಿ, ಅದೇ ವೇಗದಲ್ಲಿ, ಅದೇ ಎಂಜಿನ್ ನಿಲ್ಲುತ್ತದೆ ಎಂದು ಮೊದಲೇ ತಿಳಿದಿದ್ದರೆ ಪರೀಕ್ಷೆಯಾಗುವುದು ನೆನಪಿನ ಶಕ್ತಿ. ಊಹಿಸದ ಘಟನೆಗಳನ್ನು ಕೊಟ್ಟು ಸಾಮರ್ಥ್ಯವನ್ನು ಅಳೆಯಿರಿ ಎಂದು ಐಸಿಎಒ 2013ರಲ್ಲಿ ಹೊರತಂದ ಕೈಪಿಡಿ ಹೇಳುತ್ತದೆ. ಅದು ಗುರುತಿಸಿದ ಎಂಟು ಸಾಮರ್ಥ್ಯಗಳಲ್ಲಿ ಕೈಯಾರೆ ಹಾರಿಸುವುದು ಒಂದು. ಉಳಿದವುಗಳಲ್ಲಿ ಸಂವಹನ, ತೀರ್ಮಾನ, ಕೆಲಸದ ಹೊರೆಯ ಹಂಚಿಕೆ, ಸುತ್ತಲಿನ ಪರಿಸ್ಥಿತಿಯ ಅರಿವು ಸೇರಿವೆ.

ಮಾತನಾಡುವುದೂ ಒಂದು ಸಾಮರ್ಥ್ಯವೇ ಎಂಬುದನ್ನು ವಿಮಾನಯಾನ ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊ ಜೆಟ್‌ಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಅನುಮತಿ ಸಿಗುವ ಮೊದಲೇ ವಿಮಾನವನ್ನು ಓಡಿಸಿದ ಕೆಎಲ್‌ಎಂ ಕ್ಯಾಪ್ಟನ್ ಆ ಕಂಪನಿಯ ಹಿರಿಯ ತರಬೇತುದಾರರು. ಎದುರಿನ ವಿಮಾನ ರನ್‌ವೇ ಬಿಟ್ಟಿಲ್ಲವೇನೋ ಎಂದು ಫ್ಲೈಟ್ ಎಂಜಿನಿಯರ್ ಸಂಶಯ ವ್ಯಕ್ತಪಡಿಸಿದರು, ಕ್ಯಾಪ್ಟನ್ ಬಿಟ್ಟಿದೆ ಎಂದರು, ಮಾತು ಅಲ್ಲಿಗೇ ನಿಂತಿತು. ಮರುವರ್ಷ ಪೋರ್ಟ್‌ಲೆಂಡ್‌ನಲ್ಲಿ ಚಕ್ರದ ತೊಂದರೆಯನ್ನು ಬಗೆಹರಿಸುತ್ತ ಸುತ್ತುತ್ತಿದ್ದ ಯುನೈಟೆಡ್ 173 ಇಂಧನ ಮುಗಿದು ಬಿದ್ದಿತು. 1979ರಲ್ಲಿ ನಾಸಾ ಕರೆದ ಕಾರ್ಯಾಗಾರದಿಂದ ಹುಟ್ಟಿದ ತರಬೇತಿಯನ್ನು ಯುನೈಟೆಡ್ ಕಂಪನಿ 1981ರಲ್ಲಿ ತನ್ನ ಪೈಲಟ್‌ಗಳಿಗೆ ಕೊಡತೊಡಗಿತು: ಕಿರಿಯರು ಬಾಯಿಬಿಟ್ಟು ಹೇಳಬೇಕು, ಹಿರಿಯರು ಕಿವಿಗೊಟ್ಟು ಕೇಳಬೇಕು. 1989ರಲ್ಲಿ ಅದೇ ಕಂಪನಿಯ 232ನೇ ವಿಮಾನದ ರೆಕ್ಕೆ, ಬಾಲಗಳ ನಿಯಂತ್ರಣಗಳನ್ನು ನಡೆಸುವ ಎಲ್ಲ ಹೈಡ್ರಾಲಿಕ್ ವ್ಯವಸ್ಥೆಗಳೂ ಒಮ್ಮೆಲೇ ನಾಶವಾದಾಗ, ಪ್ರಯಾಣಿಕರಾಗಿ ಕುಳಿತಿದ್ದ ಕಂಪನಿಯ ತರಬೇತಿ ಪೈಲಟ್ ಒಬ್ಬರು ಮುಂದೆ ಬಂದರು, ಕ್ಯಾಪ್ಟನ್ ಎಂಜಿನ್ ಶಕ್ತಿಯನ್ನು ಏರಿಸಿ ಇಳಿಸುವ ಹಿಡಿಕೆಗಳನ್ನು ಹಿಂಜರಿಯದೆ ಅವರ ಕೈಗೆ ಕೊಟ್ಟರು. ಕೇವಲ ಎಂಜಿನ್‌ಗಳ ಬಲದಿಂದ ಅವರು ಸೂ ಸಿಟಿಯ ರನ್‌ವೇವರೆಗೆ ತಂದ ಆ ವಿಮಾನದಲ್ಲಿದ್ದ 296 ಮಂದಿಯಲ್ಲಿ 184 ಮಂದಿ ಬದುಕುಳಿದರು.

ಹಿರಿಯರಾದ ಮಾತ್ರಕ್ಕೆ ಕಲಿಸಲು ಬರುವುದಿಲ್ಲ ಎಂಬುದನ್ನೂ ಹೇಳಬೇಕು. 2013ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರನ್‌ವೇ ಮುಂದಿನ ತಡೆಗೋಡೆಗೆ ಬಾಲ ಬಡಿದು ಮೂವರ ಸಾವಿಗೆ ಕಾರಣವಾದ ಏಷಿಯಾನಾ 214ರಲ್ಲಿ, ಹಾರಿಸುತ್ತಿದ್ದವರು ಸಾವಿರಾರು ಗಂಟೆಗಳ ಅನುಭವಿಯಾಗಿದ್ದರೂ ಆ ಮಾದರಿಗೆ ಹೊಸಬರು. ಅವರ ಪಕ್ಕದಲ್ಲಿದ್ದ ಹಿರಿಯ ಕ್ಯಾಪ್ಟನ್‌ಗೆ ತರಬೇತುದಾರರಾಗಿ ಅದೇ ಮೊದಲ ಪ್ರಯಾಣ. ವೇಗ ಕುಸಿಯುತ್ತಿರುವುದನ್ನು ಕಂಡು ಯಾವಾಗ ಕೈಹಾಕಬೇಕೆಂಬ ತೀರ್ಮಾನ ತೀರ ತಡವಾಗಿ ಬಂತು. ಯಾವಾಗ ಕೈಹಾಕಬೇಕು, ಯಾವಾಗ ಬಿಡಬೇಕು ಎಂಬುದು ಹಾರುವ ವಿದ್ಯೆಗಿಂತ ಬೇರೆಯೇ ಆದ ವಿದ್ಯೆ, ಅದಕ್ಕೆ ಬೇರೆಯೇ ತರಬೇತಿ ಬೇಕು.

ವಿದ್ಯಾರ್ಥಿ ನಪಾಸಾದಾಗ ಏನಾಗುತ್ತದೆ ಎಂಬುದು ಯಾರೂ ಹೆಚ್ಚು ಮಾತನಾಡದ ವಿಷಯ. 2019ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಬಿದ್ದ ಅಟ್ಲಾಸ್ ಏರ್ 3591 ಸರಕು ವಿಮಾನದ ಸಹಪೈಲಟ್ ಹಿಂದಿನ ಕಂಪನಿಗಳಲ್ಲಿ ಹಲವು ಪರೀಕ್ಷೆಗಳಲ್ಲಿ ವಿಫಲರಾಗಿದ್ದರು, ಅದನ್ನು ಹೊಸ ಕಂಪನಿಗೆ ತಿಳಿಸಿರಲಿಲ್ಲ. ಇಂಥ ದಾಖಲೆಗಳೆಲ್ಲ ಒಂದೇ ಕಡೆ ಸಿಗುವಂತೆ ಮಾಡಿ ಎಂದು ಕೋಲ್ಗನ್ ನಂತರದ 2010ರ ಕಾನೂನೇ ಹೇಳಿತ್ತು. ಅಂತಿಮ ನಿಯಮ ಹೊರಬಂದದ್ದು 2021ರಲ್ಲಿ, ಆ ಸರಕು ವಿಮಾನದಲ್ಲಿದ್ದ ಮೂವರು ಸತ್ತ ಮೇಲೆ. ಆದರೆ ಮುಚ್ಚಿಡುವ ಮನಸ್ಸು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಈ ವೃತ್ತಿಯ ತರಬೇತಿಗೆ ಬಹುತೇಕ ಎಲ್ಲ ಕಡೆಯೂ ವಿದ್ಯಾರ್ಥಿಯೇ ದುಡ್ಡು ಕೊಡುತ್ತಾರೆ, ಹೆಚ್ಚಿನವರು ಸಾಲ ಮಾಡಿ ಕೊಡುತ್ತಾರೆ. ಒಂದು ಪರೀಕ್ಷೆ ತಪ್ಪಿದರೆ, ಒಂದು ವೈದ್ಯಕೀಯ ಪ್ರಮಾಣಪತ್ರ ಕೈತಪ್ಪಿದರೆ ವೃತ್ತಿ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. 2015ರಲ್ಲಿ ಜರ್ಮನ್‌ವಿಂಗ್ಸ್ ಸಹಪೈಲಟ್ ಉದ್ದೇಶಪೂರ್ವಕವಾಗಿ ವಿಮಾನವನ್ನು ಬೆಟ್ಟಕ್ಕೆ ಅಪ್ಪಳಿಸಿ 150 ಮಂದಿ ಸತ್ತಾಗ, ಪರವಾನಗಿ ಕಳೆದುಕೊಂಡರೆ ಆದಾಯವೂ ಹೋಗುತ್ತದೆಂಬ ಭಯ ಪೈಲಟ್‌ಗಳನ್ನು ಮಾನಸಿಕ ಕಾಯಿಲೆಯನ್ನು ಬಚ್ಚಿಡುವಂತೆ ಮಾಡುತ್ತದೆ ಎಂದು ತನಿಖಾ ವರದಿ ಎತ್ತಿ ತೋರಿಸಿತು. ನಂತರ ಯುರೋಪಿನಲ್ಲಿ ನೇಮಕಕ್ಕೆ ಮುಂಚೆ ಮಾನಸಿಕ ಮೌಲ್ಯಮಾಪನವನ್ನೂ, ಸಹೋದ್ಯೋಗಿಗಳ ಮೂಲಕವೇ ನೆರವು ಪಡೆಯುವ ವ್ಯವಸ್ಥೆಯನ್ನೂ ಕಡ್ಡಾಯಗೊಳಿಸಿದರು. ಕಲಿಯುವ ವಯಸ್ಸಿನಲ್ಲೇ ಕಷ್ಟವನ್ನು ಹೇಳಿಕೊಂಡರೆ ದಾರಿ ಮುಚ್ಚುವುದಿಲ್ಲ ಎಂಬ ನಂಬಿಕೆಯನ್ನು ವಿದ್ಯಾರ್ಥಿಯಲ್ಲಿ ಮೂಡಿಸಬಲ್ಲವರು ಮತ್ತೆ ಅದೇ ತರಬೇತುದಾರರು, ಅವರು ವರ್ಷಾನುಗಟ್ಟಲೆ ಅಲ್ಲೇ ಇರುವವರಾಗಿದ್ದರೆ.

ಮಾಡಬಹುದಾದದ್ದು ಕಣ್ಣೆದುರಿಗೇ ಇದೆ. ಪ್ರಾಥಮಿಕ ತರಬೇತುದಾರರ ಹುದ್ದೆಗೆ ಸಹಪೈಲಟ್ ಹುದ್ದೆಯ ಸಂಬಳ ಮತ್ತು ಹಿರಿತನ ಕೊಡಬಹುದು. ನಿವೃತ್ತಿಯ ಅಂಚಿನಲ್ಲಿರುವ ಕ್ಯಾಪ್ಟನ್‌ಗಳನ್ನು ಪುಟ್ಟ ವಿಮಾನಗಳಿಗೆ ಮರಳಿ ಕರೆತರಬಹುದು; 65ನೇ ವಯಸ್ಸಿಗೆ ಅಂತರರಾಷ್ಟ್ರೀಯ ವಿಮಾನಗಳಿಂದ ಇಳಿಯುವ ಅವರಲ್ಲಿ ಅನೇಕರು ಆರೋಗ್ಯವಂತರು, ಕಲಿಸಲು ಆಸೆಯುಳ್ಳವರು. ತರಬೇತುದಾರರು ಎಷ್ಟು ಗಂಟೆ ಕಲಿಸಿದರು ಎಂಬುದರ ಜೊತೆಗೆ ಅವರ ವಿದ್ಯಾರ್ಥಿಗಳು ಮುಂದೆ ಹೇಗೆ ಹಾರಿದರು ಎಂಬುದನ್ನು ದಾಖಲಿಸಬಹುದು. ಇದಕ್ಕೆಲ್ಲ ಹಣ ಬೇಕು, ಆ ಹಣವನ್ನು ಸಾಲಗಾರ ವಿದ್ಯಾರ್ಥಿಯ ಮೇಲೆ ಹೇರುವಂತಿಲ್ಲ. ಪೈಲಟ್‌ಗಳ ಕೊರತೆಯಿದೆ ಎಂದು ಹೇಳುವ ವಿಮಾನಯಾನ ಕಂಪನಿಗಳೇ ಭರಿಸುವುದು ನ್ಯಾಯ.

ಈ ನಡುವೆ ವಿಮಾನ ತಯಾರಕರು ಬೇರೆಯೇ ಪರಿಹಾರವೊಂದನ್ನು ಮುಂದಿಟ್ಟಿದ್ದಾರೆ. ದೂರದ ಹಾರಾಟದ ನಡುವಿನ ಗಂಟೆಗಳಲ್ಲಿ ಕಾಕ್‌ಪಿಟ್‌ನಲ್ಲಿ ಒಬ್ಬ ಪೈಲಟ್ ಇದ್ದರೆ ಸಾಲದೇ, ಇನ್ನೊಬ್ಬರು ವಿಶ್ರಾಂತಿ ಪಡೆಯಲಿ, ಮುಂದೊಂದು ದಿನ ಒಬ್ಬರೇ ಇಡೀ ಹಾರಾಟ ನಡೆಸಲಿ ಎಂಬುದು ಆ ಯೋಚನೆ. ಇದು ಇಬ್ಬರಿರುವಷ್ಟೇ ಸುರಕ್ಷಿತ ಎಂದು ಸದ್ಯಕ್ಕೆ ಸಾಕಷ್ಟು ಸಾಬೀತುಪಡಿಸಲಾಗದು ಎಂದು ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ 2025ರಲ್ಲಿ ಮುಗಿಸಿದ ಅಧ್ಯಯನ ತೀರ್ಮಾನಿಸಿತು. ಆ ಚರ್ಚೆ ನಡೆದಿರುವುದೆಲ್ಲ ದಣಿವು, ಹಠಾತ್ ಅಸ್ವಸ್ಥತೆ, ಯಂತ್ರಗಳ ವಿಶ್ವಾಸಾರ್ಹತೆಯ ಸುತ್ತ. ಆದರೆ ಬಲಬದಿಯ ಆಸನದಲ್ಲಿ ಇಂದು ಕುಳಿತಿರುವ ಸಹಪೈಲಟ್‌ಗಳು ಬರಿಯ ಬದಲಿ ಕೈಗಳಲ್ಲ. ಮುಂದಿನ ಹತ್ತು ವರ್ಷಗಳ ಕ್ಯಾಪ್ಟನ್‌ಗಳು ಅಲ್ಲಿ ಕುಳಿತೇ, ಎಡಬದಿಯವರು ಗುಡುಗುಮೋಡವನ್ನು ಬಳಸಿ ಹೋಗಲು ಯಾವಾಗ ತೀರ್ಮಾನಿಸುತ್ತಾರೆ, ಕೆಟ್ಟ ಸುದ್ದಿಯನ್ನು ಪ್ರಯಾಣಿಕರಿಗೆ ಯಾವ ದನಿಯಲ್ಲಿ ಹೇಳುತ್ತಾರೆ, ತಮ್ಮ ತಪ್ಪನ್ನು ಕಿರಿಯರು ತೋರಿಸಿಕೊಟ್ಟಾಗ ಏನೆನ್ನುತ್ತಾರೆ ಎಂಬುದನ್ನು ಸಾವಿರಾರು ಗಂಟೆ ನೋಡಿ ಕಲಿಯುತ್ತಿದ್ದಾರೆ. ಆ ಆಸನವನ್ನು ತೆಗೆದರೆ ಎಡಬದಿಯ ಆಸನಕ್ಕೆ ಬರುವವರು ಎಲ್ಲಿ ಕಲಿತು ಬರಬೇಕೆಂಬುದಕ್ಕೆ ಈ ಯೋಚನೆಯನ್ನು ಮುಂದಿಟ್ಟವರು ಮೊದಲು ಉತ್ತರ ಕೊಡಬೇಕಾಗಿದೆ.